ಒಹಾಯೊದ ಹನ್ನೆರಡು ಮಂದಿ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಆಮೇಲೆ ನೀವಾಗಿಯೇ ಕಂಡುಹಿಡಿದರೆ ನನಗೆ ಅದಕ್ಕೂ ಸಿಟ್ಟು ಬರುತ್ತದೆ. ಕೆಲವು ಮನೆತನಗಳಲ್ಲಿ ಸಕ್ಕರೆ ಕಾಯಿಲೆ ತಂದೆಯಿಂದ ಮಗನಿಗೆ ಬರುತ್ತದೆ, ನಮ್ಮಲ್ಲಿ ಸಿಟ್ಟು ಬರುತ್ತದೆ. ನನ್ನ ಅಪ್ಪ ಒಂದು ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳ ಪ್ರವಚನ ಉದ್ದವಾಯಿತೆಂದು ಎದ್ದು ಹೊರಗೆ ಹೋದವರು, ಪೂಜೆ ಮುಗಿಯುವ ತನಕ ಬಿಸಿಲಲ್ಲೇ ನಿಂತಿದ್ದರು. ಒಳಗೆ ಬರಲು ಸಿಟ್ಟು ಬಿಡಲಿಲ್ಲ, ಮನೆಗೆ ಹೋಗಲು ದೇವರ ಹೆದರಿಕೆ ಬಿಡಲಿಲ್ಲ. ನಾನು ಅವರ ಮಗ. ಆದರೆ ರಿಯಾದಿಗೆ ಬಂದು ಹತ್ತೊಂಬತ್ತು ವರ್ಷವಾದರೂ ನನ್ನ ಸಿಟ್ಟಿಗೆ ಇಲ್ಲಿ ಒಂದು ಸರಿಯಾದ ಜಾಗ ಸಿಕ್ಕಿಲ್ಲ. ಈ ದೇಶದಲ್ಲಿ ಇರಲು ಕೊಡುವ ಇಕಾಮಾ ಎಂಬ ಕಾರ್ಡು ಕಿಸೆಯಲ್ಲಿ ಇರುವ ತನಕ ಮನುಷ್ಯನಿಗೆ ಸಿಟ್ಟು ಬರಬಹುದು, ಹೊರಗೆ ಬರಕೂಡದು. ಹಾಗಾಗಿ ನಾನು ಸ್ಟೋರಿನ ಹಳೆಯ ಕಂಪ್ರೆಸರುಗಳಿಗೆ ಬೈಯುತ್ತೇನೆ. ಮನೆಮಾತು ಕೊಂಕಣಿಯಾದರೂ ಬೈಯುವುದು ಕನ್ನಡದಲ್ಲಿ. ಶಾಲೆಯಲ್ಲಿ ಮಾಸ್ತರರು ನನಗೆ ಬೈದದ್ದು ಆ ಭಾಷೆಯಲ್ಲಾದ್ದರಿಂದ ಶಬ್ದಗಳು ತಾವಾಗಿಯೇ ಬರುತ್ತವೆ.

ನನ್ನ ಹೆಸರು ವಲೇರಿಯನ್. ದೊಡ್ಡ ದೊಡ್ಡ ಕಟ್ಟಡಗಳ ಏಸಿ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ರಿಯಾದಿನ ಮಲಾಜ್ ಬಡಾವಣೆಯ ಒಂದು ಹಳೆಯ ಕಟ್ಟಡದಲ್ಲಿ ನಾವು ನಾಲ್ಕು ಜನ ಒಂದು ಫ್ಲ್ಯಾಟಿನಲ್ಲಿ ಇದ್ದೇವೆ. ನಾಲ್ವರಿಗೂ ಮದುವೆಯಾಗಿದೆ, ಆದರೂ ಕಟ್ಟಡದ ಕಾವಲುಗಾರನ ಪುಸ್ತಕದಲ್ಲಿ ನಾವು ಬ್ಯಾಚುಲರುಗಳು. ಹೆಂಡತಿ ಐರಿನ್, ಮಗಳು ಶೈನಿ ಊರಲ್ಲಿ, ಕಿನ್ನಿಗೋಳಿಯಲ್ಲಿ. ಅಲ್ಲಿ ನಾನೊಂದು ಮನೆ ಕಟ್ಟಿಸಿದ್ದೇನೆ. ಮುಂದೆ ಸಿಟೌಟ್, ಮೇಲೆ ಎರಡು ಕೋಣೆ, ಬದಿಯಲ್ಲಿ ಕಾರಿಗೊಂದು ಶೆಡ್ಡು. ಕಾರು ಇನ್ನೂ ಬಂದಿಲ್ಲ. ಶೆಡ್ಡಿನಲ್ಲಿ ಐರಿನ್ ತೆಂಗಿನಕಾಯಿ ರಾಶಿ ಹಾಕಿದ್ದಾಳೆ. ಆ ಮನೆಯಲ್ಲಿ ನಾನು ಒಟ್ಟು ಎಷ್ಟು ದಿನ ಮಲಗಿದ್ದೇನೆ ಎಂದು ಒಮ್ಮೆ ಲೆಕ್ಕ ಹಾಕಲು ಹೊರಟು, ಸಿಟ್ಟು ಬಂದು ಅರ್ಧಕ್ಕೇ ಬಿಟ್ಟೆ.

ಶೈನಿಗೆ ಮದುವೆ ಗೊತ್ತಾಯಿತು. ಹುಡುಗ ನೆಲ್ಸನ್, ಮಂಗಳೂರಿನಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸ, ತಿಂಗಳಿಗೆ ಸರಿಯಾಗಿ ಸಂಬಳ, ಭಾನುವಾರ ರಜೆ. ನನಗೆ ಅವನಲ್ಲಿ ತುಂಬ ಹಿಡಿಸಿದ್ದು ಆ ಭಾನುವಾರದ ರಜೆ. ಮದುವೆ ಮೇ ತಿಂಗಳ ನಡುವಿನಲ್ಲಿ. ಮದುವೆಯ ಹಿಂದಿನ ದಿನ ನಮ್ಮಲ್ಲಿ ರೋಸ್ ಎಂಬ ಶಾಸ್ತ್ರವಿದೆ. ಮದುಮಗಳನ್ನು ಕೂರಿಸಿ ತಲೆಗೆ ಎಣ್ಣೆ, ಮೈಗೆ ತೆಂಗಿನ ಹಾಲು ಹಚ್ಚುತ್ತಾರೆ. ಹೆತ್ತವರು ಹಚ್ಚಿದ ಮೇಲೆಯೇ ಉಳಿದವರು. ಶೈನಿ ಶಾಲೆಗೆ ಸೇರುವಾಗ ನಾನು ಇಲ್ಲಿದ್ದೆ, ಇಗರ್ಜಿಯಲ್ಲಿ ಅವಳ ಮೊದಲ ಪರಮಪ್ರಸಾದದ ದಿನ ಇಲ್ಲಿದ್ದೆ, ಹತ್ತನೇ ತರಗತಿಯ ಫಲಿತಾಂಶ ಬಂದಾಗ ಇಲ್ಲಿ ಗ್ಯಾಸ್ ಸಿಲಿಂಡರ್ ಎಣಿಸುತ್ತಿದ್ದೆ. ಆ ತೆಂಗಿನ ಹಾಲನ್ನಾದರೂ ನನ್ನ ಕೈಯಿಂದಲೇ ಹಚ್ಚಬೇಕು. ಅದಕ್ಕೆ ಇಪ್ಪತ್ತೊಂದು ದಿನ ರಜೆ ಬೇಕು. ರಜೆಯ ಅರ್ಜಿಗೆ ಜನರಲ್ ಮ್ಯಾನೇಜರ್ ಸಹಿ ಹಾಕಿದರೆ ಮಾತ್ರ ಕಂಪನಿ ನನಗೆ ಹೋಗಿ ಬರುವ ವೀಸಾ ತೆಗೆಸುತ್ತದೆ. ಸಹಿ ಇಲ್ಲದಿದ್ದರೆ ನಾನು ವಿಮಾನ ನಿಲ್ದಾಣದ ಏಸಿ ರಿಪೇರಿಗೆ ಮಾತ್ರ ಹೋಗಬಹುದು.

ಈಗ ನಮ್ಮ ಜನರಲ್ ಮ್ಯಾನೇಜರ್ ಪ್ರಹ್ಲಾದ್ ಸರ್ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನವರು. ಕನ್ನಡದವರು ಮೇಲಿನ ಕುರ್ಚಿಗೆ ಬಂದರೆಂದು ಮೊದಲ ದಿನ ನಾನು ಸಂತೋಷಪಟ್ಟು ಎಲ್ಲರಿಗೂ ಲಡ್ಡು ಹಂಚಿದ್ದೆ. ಆ ಲಡ್ಡಿನ ನೆನಪು ಬಂದರೆ ಈಗಲೂ ಹಲ್ಲು ಕಚ್ಚುತ್ತೇನೆ. ಜನವರಿಯಲ್ಲಿ ಅವರನ್ನು ಕಂಪನಿಯವರು ಎರಡು ವಾರದ ತರಬೇತಿಗೆಂದು ಅಮೆರಿಕದ ಒಹಾಯೊ ಎಂಬ ರಾಜ್ಯಕ್ಕೆ ಕಳಿಸಿದರು. ಹೋಗುವಾಗ ಒಳ್ಳೆಯ ಮನುಷ್ಯ. ಬರುವಾಗ ಹನ್ನೆರಡು ಪೋಸ್ಟರು ಹಿಡಿದುಕೊಂಡು ಬಂದರು. ಒಂದೊಂದರಲ್ಲೂ ಒಹಾಯೊದ ಒಬ್ಬೊಬ್ಬ ದೊಡ್ಡ ಉದ್ಯಮಿ. ಸೋಪಿನವರು, ಟಯರಿನವರು, ಬಣ್ಣದವರು, ಬಾಗಿಲಿನ ಬಿಜಾಗರಿಯವರು. ಹನ್ನೆರಡು ಮಂದಿಗೂ ಒಂದೇ ನಗು. ಹನ್ನೆರಡು ಪೋಸ್ಟರುಗಳ ಕೆಳಗೂ ದಪ್ಪ ಅಕ್ಷರದಲ್ಲಿ ಒಂದೇ ಮಾತು: ಇವರು ಏನೂ ಇಲ್ಲದೆ ಶುರು ಮಾಡಿದರು. ನಮ್ಮ ಧರ್ಮದಲ್ಲಿಯೂ ಪ್ರಭುವಿನ ಶಿಷ್ಯರೆಂದು ಹನ್ನೆರಡು ಮಂದಿ ಇದ್ದರು, ಆದರೆ ಅವರಲ್ಲಿ ಒಬ್ಬನಾದರೂ ಕೈಕೊಟ್ಟ, ಒಬ್ಬ ಗೊತ್ತೇ ಇಲ್ಲ ಎಂದ, ಇನ್ನೊಬ್ಬ ನಂಬಲಿಲ್ಲ. ಒಹಾಯೊದ ಹನ್ನೆರಡರಲ್ಲಿ ಒಬ್ಬನೂ ಒಂದು ದಿನವೂ ಸೋತವನಲ್ಲ. ನನಗೆ ಮೊದಲು ಅನುಮಾನ ಹುಟ್ಟಿದ್ದೇ ಅಲ್ಲಿ.

ಪೋಸ್ಟರುಗಳನ್ನು ಎಲ್ಲಿ ಹಾಕಿದರು ಹೇಳಿ. ನನ್ನ ಸ್ಟೋರಿನ ಗೋಡೆಗೆ! ಬೀಗದ ಕೈ ನನ್ನದು, ಗೋಡೆ ಅವರದು. ಫಿಲ್ಟರ್ ತೆಗೆಯಲು ಹೋದರೆ ಸೋಪಿನವರು ನೋಡುತ್ತಾರೆ, ತಾಮ್ರದ ಪೈಪು ಅಳೆಯುವಾಗ ಟಯರಿನವರು ನೋಡುತ್ತಾರೆ. ಮರುದಿನದಿಂದ ಬೆಳಿಗ್ಗೆ ಏಳು ಗಂಟೆಗೆ ಎಲ್ಲರೂ ಸ್ಟೋರಿನ ಅಂಗಳದಲ್ಲಿ ಸೇರಬೇಕು, ದಿನಕ್ಕೊಬ್ಬರು ಒಬ್ಬ ಉದ್ಯಮಿಯ ಜೀವನದ ಬಗ್ಗೆ ಐದು ನಿಮಿಷ ಮಾತನಾಡಬೇಕು ಎಂದು ಆಜ್ಞೆಯಾಯಿತು. "ಇವತ್ತಿಂದ ಇಲ್ಲಿ ಯಾರೂ ಉದ್ಯೋಗಿಗಳಲ್ಲ. ಎಲ್ರೂ ಉದ್ಯಮಿಗಳು!" ಎಂದರು ಪ್ರಹ್ಲಾದ್ ಸರ್. ಅದನ್ನು ನನಗೋಸ್ಕರ ಕನ್ನಡದಲ್ಲಿ ಬೇರೆ ಹೇಳಿದರು. ನಾನು ಮನಸ್ಸಿನಲ್ಲೇ ಎರಡೂ ಶಬ್ದಗಳನ್ನು ಬಿಡಿಸಿ ನೋಡಿದೆ. ಉದ್ಯೋಗಿಯಲ್ಲಿ ಒಬ್ಬ ಯೋಗಿ ಇದ್ದಾನೆ, ಉದ್ಯಮಿಯಲ್ಲಿ ಯಮ. ಬೆಳಿಗ್ಗೆ ಏಳು ಗಂಟೆಗೆ ಯಮನಾಗುವಷ್ಟು ಶಕ್ತಿ ನನ್ನಲ್ಲಿರಲಿಲ್ಲ.

ನಾನು ಉಪಾಯದಿಂದ ತಪ್ಪಿಸಿಕೊಳ್ಳುತ್ತ ಬಂದೆ. ನನ್ನ ಸರದಿ ಬಂದ ದಿನ ಗಂಟಲು ಕಟ್ಟಿತು. ಮತ್ತೊಮ್ಮೆ ಬಂದಾಗ ಸ್ಟಾಕ್ ಎಣಿಕೆ ಇಟ್ಟುಕೊಂಡೆ. ಮೂರನೆಯ ಬಾರಿಗೆ ಗಂಟಲು ಪುನಃ ಕಟ್ಟಿತು. ಏಪ್ರಿಲ್ ಬಂತು. ರಜೆಯ ಅರ್ಜಿ ಕೊಟ್ಟು ಮೂರು ವಾರವಾದರೂ ಸಹಿ ಆಗಲಿಲ್ಲ. ಕ್ಯಾಬಿನ್ನಿಗೆ ಹೋಗಿ ಕೇಳಿದೆ.

"ಬೇಸಿಗೇಲಿ ಏಸಿ ಕಂಪನಿಯವರು ರಜೆ ಕೇಳೋದಾ ವಲೇರಿಯನ್? ದೀಪಾವಳಿಗೆ ಪಟಾಕಿ ಅಂಗಡಿ ಮುಚ್ಚಿದ ಹಾಗಾಯ್ತು."

"ಮಗಳ ಮದುವೆ ಸರ್. ನಾನು ಇಲ್ಲದಿದ್ರೆ ಹೇಗೆ ಆಗ್ತದೆ?"

"ಅರ್ಥ ಆಗತ್ತೆ ರೀ. ಆದ್ರೆ ನಿಮ್ಮಲ್ಲಿ ಇನ್ವಾಲ್ವ್‌ಮೆಂಟೇ ಇಲ್ಲ. ಎಲ್ರೂ ಮಾತಾಡಿದ್ರು, ನೀವೊಬ್ರೇ ಬಾಕಿ. ಗುರುವಾರ ಬಿಜಾಗರಿಯವರ ಬಗ್ಗೆ ಚೆನ್ನಾಗಿ ಮಾತಾಡಿ, ಆಮೇಲೆ ನೋಡೋಣ."

ನೋಡೋಣವಂತೆ! ನನ್ನ ಮಗಳ ತಲೆಗೆ ನಾನು ಎಣ್ಣೆ ಹಚ್ಚುವುದಕ್ಕೂ ಅಮೆರಿಕದಲ್ಲಿ ಯಾರೋ ಬಿಜಾಗರಿ ಮಾಡಿದ್ದಕ್ಕೂ ಎಂತ ಸಂಬಂಧ? ಆ ದಿನ ಸ್ಟೋರಿಗೆ ಬಂದು ಮೂಲೆಯಲ್ಲಿದ್ದ ಒಂದು ಎರಡೂವರೆ ಟನ್ನಿನ ಕಂಪ್ರೆಸರಿಗೆ ನಾನು ಬೈದ ಬೈಗಳನ್ನು ಇಲ್ಲಿ ಬರೆಯುವಂತಿಲ್ಲ. ಬೈದು ಮುಗಿಸಿ, ಸುಮ್ಮನೆ ಪೋಸ್ಟರಿನ ಎದುರು ಕುಳಿತು ಬಿಜಾಗರಿಯವರ ಜೀವನ ಓದಿದೆ. ಇಂಗ್ಲಿಷಿನಲ್ಲಿ ಹತ್ತು ಸಾಲು. ಅದರಲ್ಲಿ ನಾಲ್ಕು ಸಾಲು ನನಗೆ ಸರಿಯಾಗಿ ಅರ್ಥವಾಯಿತು. ಇದ್ದ ಕೆಲಸ ಬಿಟ್ಟರು. ಕೈಯಲ್ಲಿ ಏನೂ ಇರಲಿಲ್ಲ. ಗ್ಯಾರೇಜಿನಲ್ಲಿ ಶುರು ಮಾಡಿದರು. ಈಗ ಜಗತ್ತಿನ ಬಾಗಿಲುಗಳೆಲ್ಲ ಅವರ ಮೇಲೆ ತಿರುಗುತ್ತವೆ. ಬೇರೆ ಪೋಸ್ಟರುಗಳನ್ನು ನೋಡಿದೆ. ಹನ್ನೆರಡರಲ್ಲಿ ಐದು ಮಂದಿ ಗ್ಯಾರೇಜಿನಲ್ಲೇ ಶುರು ಮಾಡಿದವರು. ನಿಜ ಹೇಳುತ್ತೇನೆ, ಆಗ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಪರವಾಗಿಲ್ಲ, ಕೈ ಮಸಿ ಮಾಡಿಕೊಂಡ ಜನ ಅಂದುಕೊಂಡೆ. ಗ್ಯಾರೇಜಿನವರ ಬಗ್ಗೆಯಾದರೆ ಐದು ನಿಮಿಷ ಏನು, ಅರ್ಧ ಗಂಟೆ ಮಾತನಾಡಬಲ್ಲೆ. ನನ್ನ ಗೆಳೆಯ ಹಸನಬ್ಬ ಗ್ಯಾರೇಜಿನವನೇ ತಾನೆ?

ಹಸನಬ್ಬ ಪುತ್ತೂರಿನವನು. ರಿಯಾದಿನ ಹಳೆಯ ಸನಾಯಿಯಾದಲ್ಲಿ, ಅಂದರೆ ರಿಪೇರಿ ಅಂಗಡಿಗಳೇ ತುಂಬಿರುವ ಕಡೆ, ಕಾರುಗಳ ಗೇರ್‌ಬಾಕ್ಸ್ ಬಿಚ್ಚುತ್ತಾನೆ. ನಮ್ಮ ಕಂಪನಿಯ ಪಿಕಪ್ಪುಗಳು ಅವನ ಕೈಯಲ್ಲೇ ಉಸಿರಾಡುತ್ತಿವೆ. ಬುಧವಾರ ಸಂಜೆ ಅವನಲ್ಲಿಗೆ ಹೋದೆ. ಒಂದು ಹಳೆಯ ಜೀಪಿನ ಅಡಿಯಿಂದ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ನಾನು ಕಾಲುಗಳ ಹತ್ತಿರವೇ ವಿಷಯ ಹೇಳಿದೆ.

"ಒಹಾಯೊ ಅಂದ್ರೆ ಎಂತ ಮಾರಾಯ? ಹೊಟ್ಟೆನೋವಾ?" ಎಂದಿತು ಜೀಪಿನ ಅಡಿ.

"ಅಮೆರಿಕದ ಒಂದು ರಾಜ್ಯ. ಅಲ್ಲಿಯ ದೊಡ್ಡ ದೊಡ್ಡ ಧಣಿಗಳೆಲ್ಲ ಗ್ಯಾರೇಜಲ್ಲಿ ಶುರು ಮಾಡಿದ್ದಂತೆ."

ಹಸನಬ್ಬ ಹೊರಗೆ ಜಾರಿ ಬಂದು ಎದ್ದು ಕುಳಿತ. ಕೈ ಒರೆಸುವ ಬಟ್ಟೆ ಹುಡುಕಿದ, ಸಿಗದೆ ಪ್ಯಾಂಟಿಗೇ ಒರೆಸಿದ. "ಹಾಗಾದ್ರೆ ನಾನು ಎಂತಕ್ಕೆ ಆಗ್ಲಿಲ್ಲ? ನಾನೂ ಗ್ಯಾರೇಜಲ್ಲೇ ಶುರು ಮಾಡಿದ್ದು. ಇಪ್ಪತ್ತೆರಡು ವರ್ಷ ಆಯ್ತು, ಗ್ಯಾರೇಜಲ್ಲೇ ಉಂಟು. ಮೊದಲ ಎರಡು ವರ್ಷ ಮಲಗಿದ್ದೂ ಇಲ್ಲೇ, ಆ ಟಯರಿನ ಹಿಂದೆ, ರಟ್ಟು ಹಾಸಿ. ಕಾರಿನ ಅಡಿಯಲ್ಲಿ ಕೆಲಸ, ಕಾರಿನ ಬದಿಯಲ್ಲಿ ನಿದ್ರೆ. ಅವರು ಎಷ್ಟು ವರ್ಷ ಮಲಗಿದ್ದಂತೆ?"

"ಅದು ಪೋಸ್ಟರಲ್ಲಿ ಇಲ್ಲ."

"ಕೇಳು ಮಾರಾಯ ನಿನ್ನ ಧಣಿಯಲ್ಲಿ. ನನಗೂ ಗೊತ್ತಾಗ್ಲಿ, ಇನ್ನು ಎಷ್ಟು ಬಾಕಿ ಉಂಟು ಅಂತ."

ಗುರುವಾರ ಬೆಳಿಗ್ಗೆ ಏಳು ಗಂಟೆ. ನಲವತ್ತು ಜನ ಅಂಗಳದಲ್ಲಿ ನಿಂತಿದ್ದರು. ಕೇರಳದವರು, ಬಾಂಗ್ಲಾದವರು, ಪೇಶಾವರದ ಡ್ರೈವರ್ ಗುಲ್ ಖಾನ್, ಎಲ್ಲರ ಕೈಯಲ್ಲೂ ಕಾಗದದ ಲೋಟದಲ್ಲಿ ಚಹಾ. ನಾನು ಬಿಳಿ ಅಂಗಿ ಹಾಕಿದ್ದೆ. ರಜೆ ಬೇಕಿದ್ದ ಮನುಷ್ಯ ಎಂತೆಂತ ಮಾಡುತ್ತಾನೆ ನೋಡಿ. ನನ್ನ ಹರಕು ಹಿಂದಿಯಲ್ಲಿ ಶುರು ಮಾಡಿದೆ. ಬಿಜಾಗರಿಯವರು ದೊಡ್ಡ ಮೆಕ್ಯಾನಿಕ್ ಎಂದೆ. ಕಾರಿನ ಅಡಿಯಲ್ಲಿ ಮಲಗಿ ಕೆಲಸ ಮಾಡಿದರು, ಟಯರಿನ ಹಿಂದೆ ರಟ್ಟು ಹಾಸಿ ನಿದ್ರೆ ಮಾಡಿದರು, ಅವರ ಉಗುರಿನ ಮಸಿ ಸಾಯುವ ತನಕ ಹೋಗಲಿಲ್ಲ ಎಂದೆ. ಹಸನಬ್ಬನ ಜೀವನವನ್ನು ಪೂರ್ತಿ ಬಿಜಾಗರಿಯವರಿಗೆ ತೊಡಿಸಿಬಿಟ್ಟೆ. ಜನ ಚಹಾ ಕುಡಿಯುವುದನ್ನು ನಿಲ್ಲಿಸಿ ಕೇಳತೊಡಗಿದರು. ಹನ್ನೆರಡು ಮಂದಿಯಲ್ಲಿ ಒಬ್ಬನಾದರೂ ತಮ್ಮವನು ಸಿಕ್ಕಿದ ಸಂತೋಷ ಅವರ ಮುಖದಲ್ಲಿತ್ತು. ಗುಲ್ ಖಾನ್ ಪೋಸ್ಟರಿನ ಕಡೆ ತಿರುಗಿ ಎದೆಗೆ ಕೈಯಿಟ್ಟು ಸಲಾಂ ಮಾಡಿದ.

ಅಷ್ಟರಲ್ಲಿ ಪ್ರಹ್ಲಾದ್ ಸರ್ ನಗತೊಡಗಿದರು. ಸಣ್ಣ ನಗುವಲ್ಲ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವ ನಗು. "ಅಯ್ಯೋ ವಲೇರಿಯನ್, ಮೆಕ್ಯಾನಿಕ್ ಅಲ್ಲ ರೀ! ಅಲ್ಲಿ ಗ್ಯಾರೇಜ್ ಅಂದ್ರೆ ರಿಪೇರಿ ಅಂಗಡಿ ಅಲ್ಲ. ಮನೇಲಿ ಕಾರು ನಿಲ್ಲಿಸೋ ರೂಮು!" ಅದನ್ನೇ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿ ಎಲ್ಲರೂ ನಗುವಂತೆ ಕೈ ಬೀಸಿದರು. ಕೆಲವರು ನಕ್ಕರು. ಸಹಿ ಬೇಕಾದವನು ನಾನೊಬ್ಬನೇ ಆಗಿರಲಿಲ್ಲ.

ನನ್ನ ಕಿವಿ ಬಿಸಿಯಾಯಿತು. ನನ್ನ ತಪ್ಪೇನು ಹೇಳಿ? ಕಿನ್ನಿಗೋಳಿಯಲ್ಲಿ ಗ್ಯಾರೇಜು ಎಂದರೆ ಗಾಡಿ ರಿಪೇರಿ. ರಿಯಾದಿನಲ್ಲಿಯೂ ನಮಗೆ ಅದೇ. ಐವತ್ತನಾಲ್ಕು ವರ್ಷ ಬದುಕಿದ ನನಗೆ ಆ ಶಬ್ದಕ್ಕೆ ಇನ್ನೊಂದು ಅರ್ಥ ಬೇಕಾದದ್ದೇ ಇಲ್ಲ. ಅಲ್ಲಿಗೆ ಸುಮ್ಮನಿರಬೇಕಿತ್ತು. ತೆಂಗಿನ ಹಾಲನ್ನು ನೆನೆದು ಹಲ್ಲು ಕಿರಿದು ನಿಲ್ಲಬೇಕಿತ್ತು. ಆದರೆ ಬಿಸಿಲಲ್ಲಿ ನಿಂತ ಅಪ್ಪ ಒಳಗಿನಿಂದ ಎದ್ದುಬಂದರು.

"ಸರ್, ಒಂದು ಡೌಟು," ಎಂದೆ. "ಹಾಗಾದ್ರೆ ಅವರಿಗೆ ಮನೆ ಇತ್ತಾ?"

"ಇತ್ತು ಕಣ್ರೀ. ಅವರಪ್ಪನ ಮನೆ."

"ಕಾರು?"

"ಇರತ್ತಲ್ವಾ, ಅಮೆರಿಕ ಅದು."

"ಕಾರಿಗೆ ಬೇರೆಯೇ ಒಂದು ಕೋಣೆ?"

"ಅದೇ ಹೇಳ್ತಿರೋದು."

"ಆ ಕೋಣೆಯಲ್ಲಿ ಇವರು ಕೂತರೆ ಕಾರನ್ನು ಹೊರಗೆ ಇಡ್ಲಿಕ್ಕೆ ಅಂಗಳವೂ ಇತ್ತು. ಹಾಗಾದ್ರೆ ಏನೂ ಇಲ್ಲದೆ ಶುರು ಮಾಡಿದ್ರು ಅಂತ ಇಲ್ಲಿ ಬರೆದದ್ದು ಎಂತ ಸರ್?"

ಕನ್ನಡ ಬಾರದ ಮೂವತ್ತೆಂಟು ಜನರಿಗಾಗಿ ಇದನ್ನು ಪೂರ್ತಿ ಹಿಂದಿಯಲ್ಲಿ ಪುನಃ ಹೇಳಿದೆ. ನನ್ನ ಸಿಟ್ಟು ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಮನುಷ್ಯರ ಎದುರು ಹೊರಗೆ ಬಂದಿತ್ತು, ಅರ್ಧಕ್ಕೆ ನಿಲ್ಲಿಸಲು ನನಗೂ ಬರಲಿಲ್ಲ. "ನಮ್ಮಲ್ಲಿ ಕಾರಿಗೆ ಕೋಣೆ ಇರುವವರು ಯಾರಾದರೂ ಇದ್ದರೆ ಕೈ ಎತ್ತಿ," ಎಂದೆ. ಯಾರೂ ಎತ್ತಲಿಲ್ಲ. ಗುಲ್ ಖಾನ್ ತನ್ನ ಕೋಣೆಯಲ್ಲಿ ಆರು ಜನ ಇದ್ದೇವೆ, ಕಾರು ಬಂದರೆ ಅದಕ್ಕೆ ಮೇಲಿನ ಮಂಚ ಕೊಡುತ್ತೇವೆ ಎಂದ. ಆಮೇಲೆ ಎದ್ದ ನಗು ಪ್ರಹ್ಲಾದ್ ಸರ್ ಎಬ್ಬಿಸಿದ ನಗುವಿನ ಹಾಗಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು "ಯಲ್ಲಾ, ಎಲ್ಲರೂ ಕೆಲಸಕ್ಕೆ" ಎಂದರು, ನನ್ನ ಕಡೆ ನೋಡಿ ಕ್ಯಾಬಿನ್ನಿಗೆ ಬರುವಂತೆ ಬೆರಳು ಮಾಡಿದರು.

ಕ್ಯಾಬಿನ್ನಿಗೆ ಹೋಗುವ ದಾರಿಯಲ್ಲಿ ನನ್ನ ಬುದ್ಧಿ ವಾಪಸು ಬಂತು. ಮುಗಿಯಿತು. ಐರಿನ್‌ಗೆ ಎಂತ ಹೇಳಲಿ? ರೋಸಿನ ದಿನ ಶೈನಿಯನ್ನು ಕೂರಿಸಿ, ಪಕ್ಕದಲ್ಲಿ ಖಾಲಿ ಕುರ್ಚಿಯಲ್ಲಿ ಫೋನ್ ಇಟ್ಟು, ಫೋನಿನೊಳಗಿಂದ ನಾನು ಹಲ್ಲು ಬಿಡುವುದು ಕಣ್ಣಿಗೆ ಕಟ್ಟಿತು. ನಾಲ್ಕು ಮಾತಿನ ಚಟಕ್ಕೆ ಮಗಳ ಮದುವೆ ಕಳೆದುಕೊಂಡ ತಂದೆ ಜಗತ್ತಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಒಂದು ತೀರ್ಮಾನ ಮಾಡಿದೆ. ರಜೆ ಕೊಡದಿದ್ದರೆ ಇನ್ನಷ್ಟು ಜಗಳ ಮಾಡುವುದು, ಕೆಲಸ ಹೋದರೂ ಸರಿ. ಬಾಯಿ ತಯಾರಾಗಿತ್ತು.

"ಕೂತ್ಕೊಳ್ಳಿ," ಎಂದರು. "ಮರ್ಯಾದೆ ತೆಗೆದುಬಿಟ್ರಲ್ಲ ರೀ. ಈ ತಿಂಗಳು ಇಪ್ಪತ್ತಕ್ಕೆ ಒಹಾಯೊದಿಂದ ಇಬ್ರು ಟ್ರೇನರ್ಸ್ ಬರ್ತಿದಾರೆ. ಅವರೆದುರು ನೀವು ಹಿಂಗೇ ಮನೆ ಇತ್ತಾ, ಕಾರಿತ್ತಾ ಅಂತ ಶುರು ಮಾಡಿದ್ರೆ ನನ್ನ ಗತಿ ಏನು? ಎಷ್ಟು ದಿನ ಕೇಳಿದ್ರಿ?"

"ಇಪ್ಪತ್ತೊಂದು."

"ಮೂವತ್ತೈದು ತಗೊಳ್ಳಿ. ಹದಿನೆಂಟಕ್ಕೇ ಹೊರಡಿ." ಸಹಿ ಹಾಕಿದರು. "ಹಾಗೇ ಆ ಬಿಜಾಗರಿ ಪೋಸ್ಟರ್ ಅಲ್ಲಿಂದ ತೆಗೆದ್ಬಿಡಿ. ಇನ್ನು ಅದನ್ನ ನೋಡಿದ್ರೆ ಜನಕ್ಕೆ ಮೇಲಿನ ಮಂಚಾನೇ ನೆನಪಾಗತ್ತೆ."

ಸಂತೋಷವಾಗಬೇಕಿತ್ತು, ಅಲ್ಲವೇ? ಆಯಿತು. ಆದರೆ ಅದರ ಹಿಂದೆಯೇ ಸಿಟ್ಟೂ ಬಂತು. ಮಗಳ ಮದುವೆ ಎಂದರೆ ಇಪ್ಪತ್ತೊಂದು ದಿನಕ್ಕೂ ಕೊಡದವರು, ಬಾಯಿ ಮುಚ್ಚಿಸಲು ಮೂವತ್ತೈದು ದಿನ ಕೊಟ್ಟರು! ಅಷ್ಟು ಚೆನ್ನಾಗಿ ತಯಾರಾಗಿದ್ದ ಜಗಳ ಬಾಯಿಯಲ್ಲೇ ಉಳಿಯಿತು. ಸ್ಟೋರಿಗೆ ಬಂದು ಅದನ್ನು ಕಂಪ್ರೆಸರಿಗೆ ಕೊಟ್ಟೆ. ಪೋಸ್ಟರನ್ನು ಬಿಚ್ಚಿ ಮನೆಗೆ ತಂದೆ. ಒಳ್ಳೆಯ ದಪ್ಪ ಕಾಗದ, ಸೂಟ್‌ಕೇಸಿನ ತಳಕ್ಕೆ ಹಾಸಲು ಬರುತ್ತದೆ.

ಮರುದಿನ ಶುಕ್ರವಾರ. ಮಧ್ಯಾಹ್ನ ಊಟ ಮುಗಿಸಿ ಸೂಟ್‌ಕೇಸ್ ತೆರೆದು ಕುಳಿತಿದ್ದೆ. ತಳದಲ್ಲಿ ಬಿಜಾಗರಿಯವರು ಮೇಲೆ ಮುಖ ಮಾಡಿ ನಗುತ್ತ ಮಲಗಿದ್ದರು. ಅವರ ಮೇಲೆ ಖರ್ಜೂರದ ಡಬ್ಬ ಇಡುವಷ್ಟರಲ್ಲಿ ವೀಡಿಯೊ ಕರೆ ಬಂತು. ಮೊದಲು ಐರಿನ್, ಆಮೇಲೆ ಶೈನಿ, ಇಬ್ಬರ ನಡುವೆ ತಲೆ ತೂರಿಸಿ ನೆಲ್ಸನ್. ನಮ್ಮ ಮಾತು ಕೊಂಕಣಿಯಲ್ಲಿ, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಮಾವ, ಒಂದು ವಿಷಯ ಹೇಳ್ಲಿಕ್ಕುಂಟು. ನಾನು ಕೆಲಸ ಬಿಟ್ಟೆ."

ನನ್ನ ಕಣ್ಣೆದುರು ಅವನ ಭಾನುವಾರದ ರಜೆ ಕರಗಿಹೋಯಿತು. "ಬಿಟ್ಟು?"

"ಸ್ವಂತದ್ದು ಶುರು ಮಾಡ್ತೇನೆ. ತೆಂಗಿನ ಚಿಪ್ಪಿನ ಸಾಮಾನು. ದೀಪ, ಬೌಲು, ಮೊಬೈಲ್ ಇಡುವ ಸ್ಟ್ಯಾಂಡು. ಈಗ ಅದಕ್ಕೆ ಒಳ್ಳೆ ಬೇಡಿಕೆ ಉಂಟು."

"ಎಲ್ಲಿ?"

"ನಿಮ್ಮ ಗ್ಯಾರೇಜಲ್ಲಿ."

"ನನಗೆ ಗ್ಯಾರೇಜ್ ಇಲ್ಲ," ಎಂದೆ. ದೇವರಾಣೆ, ನಿಜವೆಂದು ತಿಳಿದೇ ಹೇಳಿದೆ.

"ಉಂಟಲ್ಲ ಮಾವ!" ಅವನು ಫೋನು ತಿರುಗಿಸಿದ. ಮನೆಯ ಬದಿಯ ಶೆಡ್ಡು, ಅದರಲ್ಲಿ ರೋಸಿಗೆಂದು ಇಟ್ಟ ತೆಂಗಿನಕಾಯಿ ರಾಶಿ, ಒಂದು ಕಡೆ ಜೋತುಬಿದ್ದ ಬಾಗಿಲು. "ಜಗತ್ತಿನ ದೊಡ್ಡ ದೊಡ್ಡವರೆಲ್ಲ ಹೀಗೆಯೇ ಶುರು ಮಾಡಿದ್ದು ಮಾವ. ಏನೂ ಇಲ್ಲದೆ."

ನನ್ನ ಕಿವಿ ಮತ್ತೆ ಬಿಸಿಯಾಯಿತು. ಮನೆ ಇತ್ತಾ? ಕಾರಿಗೆ ಕೋಣೆ ಇತ್ತಾ? ಅಂಗಳ ಇತ್ತಾ? ಎಲ್ಲ ಪ್ರಶ್ನೆಗಳೂ ನಾಲಿಗೆಯ ತುದಿಗೆ ಬಂದು ನಿಂತವು. ಆದರೆ ಈ ಸಲ ಪ್ರತಿಯೊಂದಕ್ಕೂ ಉತ್ತರ ನಾನೇ ಆಗಿದ್ದೆ. ಆ ಹುಡುಗ 'ಏನೂ ಇಲ್ಲ' ಎಂದು ಕರೆದದ್ದನ್ನು ಕಟ್ಟಿಸಲು ನನಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ಮದುವೆ ಮುಗಿದು ಒಂದು ವರ್ಷಕ್ಕೆ ರಿಯಾದ್ ಬಿಟ್ಟು ಬರುತ್ತೇನೆಂದು ಐರಿನ್‌ಗೆ ಮಾತು ಕೊಟ್ಟಿದ್ದೆ. ಅದು ಇನ್ನು ನಾಲ್ಕೈದು ವರ್ಷ ಮುಂದಕ್ಕೆ ಹೋದದ್ದು ನನಗೆ ಅಲ್ಲಿಯೇ ಗೊತ್ತಾಯಿತು. ಒಹಾಯೊದಲ್ಲಿ ಬಿಜಾಗರಿಯವರ ಅಪ್ಪನಿಗೂ ಹೀಗೆಯೇ ಗೊತ್ತಾಗಿರಬೇಕು. ಅವನ ಪೋಸ್ಟರನ್ನು ಯಾರೂ ಮಾಡಿಸಲಿಲ್ಲ.

ಬಾಯಿ ತೆರೆದೆ. ಅಷ್ಟರಲ್ಲಿ ಶೈನಿ ಫೋನು ತನ್ನ ಕಡೆ ತಿರುಗಿಸಿಕೊಂಡಳು. ಕಣ್ಣಿನಲ್ಲಿ ನೀರು ಬರುವಷ್ಟು ನಗುತ್ತಿದ್ದಳು, ಜೊತೆಗೆ ಹೆದರಿಕೆಯೂ ಇತ್ತು. ನನ್ನ ಸಿಟ್ಟು ಅವಳಿಗೆ ಗೊತ್ತಿಲ್ಲದ್ದೇ? "ಪಪ್ಪಾ, ಎಂತಾದ್ರೂ ಹೇಳಿ," ಎಂದಳು.

ನಲವತ್ತು ಜನರ ಎದುರು ಜನರಲ್ ಮ್ಯಾನೇಜರನ್ನು ಅಡ್ಡ ಪ್ರಶ್ನೆ ಕೇಳಿದ ನಾನು ಗಂಟಲು ಸರಿಮಾಡಿಕೊಂಡೆ.

"ಆ ಶೆಡ್ಡಿನ ಬಾಗಿಲು ಜೋತುಬಿದ್ದಿದೆ ನೋಡು. ಬಿಜಾಗರಿ ತುಕ್ಕು ಹಿಡಿದದ್ದು. ಇಲ್ಲಿ ಒಳ್ಳೆಯದು ಸಿಗ್ತದೆ," ಎಂದೆ. "ಎಷ್ಟು ಜೊತೆ ತರಬೇಕು ಅಂತ ನೆಲ್ಸನ್ ಹತ್ರ ಕೇಳು."